ಪಟ್ಟು ಬಿಡದ ಉಡ

ಹೊಳೆಯ ಮೇಲೆ ಬಾಗಿದ ಹೊಂಗೆಮರದಲ್ಲಿ ನವರಂಗ ಹಕ್ಕಿ ಗೂಡು ಕಟ್ಟಿತ್ತು. ಅದರ ಮೊಟ್ಟೆ ತಿನ್ನಲು ದೊಡ್ಡ ಉಡವೊಂದು ಮರ ಹತ್ತಿ, ಗೂಡಿನ ಪಕ್ಕದ ಒಣಕೊಂಬೆಯನ್ನು ತಬ್ಬಿ ಹಿಡಿಯಿತು.

"ಬಣ್ಣದ ಪುಕ್ಕ, ಇಂಪಾದ ಕಂಠ ಇದ್ದರೇನು ಬಂತು? ನನ್ನ ಹಿಡಿತದ ಮುಂದೆ ನಿನ್ನದೇನು ನಡೆದೀತು?" ಎಂದು ಬೀಗಿತು.

ಅಷ್ಟರಲ್ಲಿ ಕೊಂಬೆ ಲಟಲಟ ಎಂದಿತು. "ಉಡರಾಯರೇ, ಅದು ಮುರಿಯುತ್ತಿದೆ, ಬಿಟ್ಟುಬಿಡಿ!" ಎಂದು ಹಕ್ಕಿ ಕೂಗಿತು.

ಇದು ತನ್ನ ಪಟ್ಟು ಬಿಡಿಸುವ ಉಪಾಯವೆಂದು ಉಡಕ್ಕೆ ನಗು ಬಂತು. "ನಮ್ಮ ವಂಶದಲ್ಲಿ ಹಿಡಿದದ್ದನ್ನು ಬಿಟ್ಟವರಿಲ್ಲ!" ಎಂದು ಇನ್ನಷ್ಟು ಬಿಗಿಯಾಗಿ ಹಿಡಿಯಿತು.

ಕೊಂಬೆ ಮುರಿದು ಉಡದ ಸಮೇತ ಹೊಳೆಗೆ ಬಿತ್ತು. "ಈಗಲಾದರೂ ಬಿಟ್ಟು, ಈಜಿ ದಡ ಸೇರಿ!" ಎಂದಿತು ಹಕ್ಕಿ. ಉಡ ಕೇಳಲಿಲ್ಲ. ಕೊಂಬೆಯನ್ನು ಅಪ್ಪಿಕೊಂಡೇ, ಗೆದ್ದವರಂತೆ ತಲೆಯೆತ್ತಿ, ಸೆಳವಿನಲ್ಲಿ ಕಣ್ಮರೆಯಾಯಿತು.