ಹೊಟ್ಟೆ ತುಂಬದ ಕೌದಿ

ಒಂದಾನೊಂದು ಕಾಲದಲ್ಲಿ, ಬಿಳಿ ದೊರೆ ಇಂಗ್ಲಿಷಲ್ಲೇ ನ್ಯಾಯ ಹೇಳ್ತಿದ್ದ ಕಾಲದಲ್ಲಿ, ಯಲ್ಲವ್ವ ಅಂತ ಹಳೇ ಬಟ್ಟೆ ಚೂರು ಸೇರಿಸಿ ಹೊದಿಯೋ ಕೌದಿ ಹೊಲಿಯೋಳು ಒಬ್ಬಳಿದ್ದಳಂತೆ ಕೂಸೇ, ಅವಳಿಗೆ ಗಿರಿಯಪ್ಪ, ಕೆಂಚ ಅಂತ ಇಬ್ಬರು ಮಕ್ಕಳಂತೆ. ಕೌದಿ ಹೊಲಿದು ಕಡೇ ಮೂಲೆಗೆ ಬಂದಾಗ ಒಳಗೊಂದು ರೊಟ್ಟಿ ಚೂರಿಟ್ಟು ಮುಚ್ಚಬೇಕಂತೆ, ಇಲ್ಲದಿದ್ರೆ ಕೌದಿ ಹಸಿದಿರುತ್ತೆ ಅಂತಿದ್ದಳಂತೆ.

ಗಿರಿಯಪ್ಪ ಇಂಗ್ಲಿಷ್ ಕಲಿತು, ಜನರ ಮಾತನ್ನ ದೊರೆಗೆ ಮುಟ್ಟಿಸೋ ದುಭಾಷಿಯಾದನಂತೆ. ಆಂಡ್, ಬಟ್, ಸೋ ಅನ್ನೋ ಮೂರು ದಾರದಲ್ಲಿ, ಅವ್ವ ಬಟ್ಟೆ ಚೂರು ಸೇರಿಸೋ ಹಾಗೆ ಮಾತಿಗೆ ಮಾತು ಸೇರಿಸಿ ಉದ್ದಕ್ಕೆ ಹೇಳ್ತಿದ್ದನಂತೆ. ದೊರೆಗೋ ಆಕಳಿಕೆ. ಗಿಡ್ಡಕ್ಕೆ ಹೇಳಯ್ಯ, ಜರಿ ರುಮಾಲು ಕೊಡ್ತೀನಿ ಅಂದನಂತೆ.

ಆಮೇಲೆ ಮುದುಕಿಯೊಬ್ಬಳ ಮೇಕೆ ದೊರೆ ತೋಟ ಮೇಯ್ತಂತೆ, ಆದ್ರೆ ಹಗ್ಗ ಕಡಿದಿದ್ದು ದೊರೆ ನಾಯೀನೇ. ಗಿರಿಯಪ್ಪ ಮೊದಲ ಮಾತಷ್ಟೇ ಹೇಳಿ ಬಟ್ ಅನ್ನೋದನ್ನ ನುಂಗಿಕೊಂಡ, ಮೇಕೆ ದೊರೆ ಪಾಲಾಯ್ತು. ಆಮೇಲೆ ಕುಂಬಾರ ದೊರೆ ಮನೆಗೆ ಗಡಿಗೆ ತಡವಾಗಿ ತಂದ, ಆದ್ರೆ ಅವನ ಮಗುಗೆ ಸಿಡುಬು ಎದ್ದಿತ್ತಂತೆ. ಅದನ್ನೂ ನುಂಗಿಕೊಂಡ. ಕುಂಬಾರನಿಗೆ ಛಡಿಯೇಟು, ಇವನ ತಲೆಗೆ ಜರಿ ರುಮಾಲು.

ಮೂರನೇ ಸಲ ಎದುರಿಗೆ ನಿಂತೋನು ಕೆಂಚನೇ. ಅವ್ವಂಗೆ ಹಾವು ಕಚ್ಚಿದಾಗ ವೈದ್ಯರನ್ನ ಕರೆತರೋಕೆ ದೊರೆಯ ಕುದುರೇನ ಕೇಳದೆ ಹತ್ತಿ ಹೋಗಿದ್ದನಂತೆ, ಅವ್ವ ಬದುಕಿದಳು. ಎಲ್ಲಾ ಹೇಳೋ ಅಣ್ಣಾ ಅಂದನಂತೆ. ಇವನು ಕುದುರೆ ಒಯ್ದ ಅಂತ ಗಿರಿಯಪ್ಪ ಹೇಳಿ, ರೂಢಿಗೆ ಅಲ್ಲೇ ನಿಲ್ಲಿಸಿಬಿಟ್ಟ. ಬಟ್ ಅಂತ ಬಾಯಿ ತೆರೆಯೋಷ್ಟರಲ್ಲಿ ದೊರೆ ಗಡೀಪಾರು ಅಂದು ಊಟಕ್ಕೆ ಎದ್ದಿದ್ದನಂತೆ.

ಯಲ್ಲವ್ವ ಕೆಂಚನಿಗೆ ಅಂತ ಹೊಲೀತಿದ್ದ ಕೌದೀನ ಕಡೇ ಮೂಲೆ ಹೊಲಿಯದೆ ಮಡಿಸಿಟ್ಟಳು, ಅವನು ಬಂದು ರೊಟ್ಟಿ ಇಡಲಿ ಅಂದಳು. ಗಿರಿಯಪ್ಪ ಮಾರನೇ ದಿನ ರುಮಾಲು ದೊರೆ ಮುಂದಿಟ್ಟು, ಮೇಕೆ, ಕುಂಬಾರ, ತಮ್ಮ, ಮೂರೂ ಕತೇನ ಆ ಮೂರು ದಾರದಲ್ಲೇ ಸೇರಿಸಿ, ಒಂದೂ ಬಿಡದೆ ಹೇಳಿದನಂತೆ. ದೊರೆ ಈ ಸಲ ಆಕಳಿಸಲಿಲ್ಲ. ಮೇಕೆ ತಿರುಗಿ ಬಂತು, ಕೆಂಚನಿಗೆ ಮಾಫಿ ಸಿಕ್ತು. ಕುಂಬಾರನಿಗೆ ಬಿದ್ದ ಏಟನ್ನ ಯಾರು ವಾಪಸ್ ತಗೋತಾರೆ ಹೇಳು.

ಕೆಂಚನ್ನ ಊರೂರು ಹುಡುಕಿ ಕರೆತರೋಷ್ಟರಲ್ಲಿ ಯಲ್ಲವ್ವ ಕಣ್ಣು ಮುಚ್ಚಿದ್ದಳಂತೆ.

ಕೆಂಚ ಮಡಿಸಿಟ್ಟ ಕೌದಿ ಬಿಚ್ಚಿ, ಮೂಲೇಲಿ ರೊಟ್ಟಿ ಚೂರಿಟ್ಟು, ಸೂಜಿ ಅಣ್ಣನ ಕೈಗೆ ಕೊಟ್ಟನಂತೆ. ಗಿರಿಯಪ್ಪ ಅಳ್ತಾ ಅಳ್ತಾ ಹೊಲಿದು ಮುಚ್ಚಿದನಂತೆ. ಅಣ್ಣ ತಮ್ಮ ಆ ಒಂದೇ ಕೌದಿ ಹೊದ್ದು ಸುಖವಾಗೇ ಇದ್ರು, ಆದ್ರೆ ಯಾರೇ ಮಾತು ನಿಲ್ಲಿಸಿದ್ರೂ ಗಿರಿಯಪ್ಪ ಅವರ ಮುಖ ನೋಡಿ, ಆಮೇಲೆ? ಅಂತ ಕೇಳ್ತಿದ್ದನಂತೆ, ಸಾಯೋತನಕ.

ಆಮೇಲೆ ಏನೂ ಇಲ್ಲ ಕೂಸೇ, ಕತೆ ಮುಗೀತು. ಕೌದಿ ಎಳಕೊಂಡು ಮಲಗು.