ಹರಕೆ ಹುಂಜದ ಹೇನು

"ಗುರುಗಳೇ, ಎಲ್ಲವನ್ನೂ ಬಿಟ್ಟವನ ಮನಸ್ಸಿಗೆ ಹಳೆಯ ಚಾಳಿಗಳು ಮತ್ತೆ ಹೇಗೆ ಬಂದು ಸೇರುತ್ತವೆ?" ಎಂದು ಶಿಷ್ಯ ಕೇಳಿದ.

ನೀನು ಏನೇನು ಬಿಟ್ಟೆ ಎಂದು ಗುರುಗಳು ವಿಚಾರಿಸಿದರು. ಶಿಷ್ಯ ಉತ್ಸಾಹದಿಂದ ಹೇಳಿಕೊಂಡ. ನಾಲಗೆಯ ರುಚಿ ಬಿಟ್ಟಿದ್ದ, ನಿದ್ದೆ ಕಡಿಮೆ ಮಾಡಿದ್ದ, ಕೋಪ ಬಂದರೆ ನುಂಗಿಕೊಳ್ಳುತ್ತಿದ್ದ. ಆದರೂ ಊಟದ ಪಂಕ್ತಿಯಲ್ಲಿ ಯಾರಾದರೂ ತನಗಿಂತ ಮುಂದೆ ಕೂತರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ನಿನ್ನೆ ತಾನೇ ಅಡುಗೆಯವನ ಜೊತೆ ಇದೇ ವಿಷಯಕ್ಕೆ ಜಗಳವಾಡಿದ್ದ. ಹೀಗೇ ಮುಂದುವರಿದರೆ ಮಠ ಬಿಟ್ಟು ಹೋಗಬೇಕಾದೀತೆಂಬ ಹೆದರಿಕೆ ಅವನಿಗೆ ನಿಜವಾಗಿಯೂ ಇತ್ತು.

"ಏನನ್ನೂ ಉಳಿಸಿಕೊಂಡಿಲ್ಲವೆ?"

"ನಿಮ್ಮ ಶಿಷ್ಯ ಎಂಬ ಹೆಮ್ಮೆ ಒಂದಿದೆ. ಅದು ನಿಮಗೆ ಸೇರಿದ್ದು. ಅದನ್ನು ಹೇಗೆ ಮುಟ್ಟಲಿ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಒಬ್ಬಳೇ ಮಗಳು ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಬರುವವಳಿದ್ದಳು. ಬಾಣಂತಿಗೆ ನಾಟಿಮೊಟ್ಟೆ ಬೇಕೆಂದು ರೈತನ ಹೆಂಡತಿ ಹಿತ್ತಲಲ್ಲಿ ಕೋಳಿ ಸಾಕಿದ್ದಳು. ಹೆರಿಗೆ ಸಸೂತ್ರವಾಗಲಿ ಎಂದು ರೈತ ಅದರಲ್ಲೇ ಒಂದು ಕೆಂಪು ಹುಂಜವನ್ನು ಮಾರಮ್ಮನಿಗೆ ಮೀಸಲಿಟ್ಟು, ಅದರ ಕಾಲಿಗೆ ಅರಿಶಿನದ ದಾರ ಕಟ್ಟಿದ. ಹರಕೆಯ ಹುಂಜವನ್ನು ಮಾರುವಂತಿಲ್ಲ, ಹೊಡೆಯುವಂತಿಲ್ಲ. ಮುಟ್ಟುವುದೂ ಬೇಡವೆಂದು ರೈತ ತಾನಾಗಿ ಒಂದು ನಿಯಮ ಸೇರಿಸಿಕೊಂಡ. ಹುಂಜಕ್ಕೆ ಇದು ಹೇಗೆ ತಿಳಿಯಿತೋ, ಅದು ಊರ ಪಟೇಲನಂತೆ ತಿರುಗತೊಡಗಿತು. ಒಣಹಾಕಿದ ರಾಗಿಯನ್ನು ಕೆದಕಿತು. ಮನೆಗೆ ಬಂದ ಬೀಗರ ರುಮಾಲಿನ ಮೇಲೆ ಹತ್ತಿ ಕೂಗಿತು. ರೈತ ಅದಕ್ಕೂ ಕೈ ಮುಗಿದ.

ಅಷ್ಟರಲ್ಲಿ ಕೋಳಿಗಳಿಗೆ ಹೇನು ಬಿತ್ತು. ಹೇಂಟೆಗಳು ಇಡೀ ದಿನ ಮೈ ಕುಕ್ಕಿಕೊಂಡು, ಗರಿ ಉದುರಿಸಿಕೊಂಡು, ಮೊಟ್ಟೆಯಿಡುವುದನ್ನೇ ಬಿಟ್ಟವು. ಕಾವಿಗೆ ಕೂತದ್ದು ಎದ್ದು ಓಡಿತು. ರೈತ ಕೈ ಕಟ್ಟಿ ಕೂರುವವನಲ್ಲ. ಒಂದೊಂದನ್ನೇ ಹಿಡಿದು ರೆಕ್ಕೆಯ ಅಡಿಗೆಲ್ಲ ಬೂದಿ, ಬೇವಿನ ಪುಡಿ ತಿಕ್ಕಿದ. ಗೂಡಿನ ಹಳೆಯ ಹುಲ್ಲನ್ನು ಸುಟ್ಟ. ಸಂದುಗೊಂದಿನ ನುಸಿಯೂ ಸಾಯಲೆಂದು ಗೂಡಿನ ಗೋಡೆಗೆ ಸುಣ್ಣ ಬಳಿದು, ಕೋಳಿ ಕೂರುವ ಅಡ್ಡಗೋಲನ್ನು ಬಿಸಿಲಿಗೆ ಹಾಕಿದ. ಹೇನು ಹೋಯಿತು. ಸ್ವಲ್ಪ ದಿನಕ್ಕೆ ಮತ್ತೆ ಬಂತು. ಮತ್ತೆ ತಿಕ್ಕಿದ, ಮತ್ತೆ ಬಂತು. ರೋಸಿಹೋಗಿ ಗೂಡನ್ನೇ ಕಿತ್ತು ಹೊಸದು ಕಟ್ಟಿದ. ಗೃಹಪ್ರವೇಶಕ್ಕೆ ಹೇನುಗಳೇ ಮೊದಲು ಬಂದವು.

ಮಗಳು ಬರುವ ದಿನ ಹತ್ತಿರವಾಯಿತು. ಮೊಟ್ಟೆಯ ಗಡಿಗೆ ಬರಿದಾಗಿತ್ತು. ರೈತನಿಗೆ ಅಳುವೇ ಬಂತು. ಯಾರೋ ಮಾಟ ಮಾಡಿಸಿದ್ದಾರೆಂದು ಹೆಂಡತಿಯ ಮುಂದೆ ಗೋಳಾಡಿದ. ಅವಳು ಬೆನ್ನು ಕೆರೆದುಕೊಳ್ಳುತ್ತ ಕೇಳಿದಳು:

"ಎಲ್ಲಾ ಕೋಳಿಗೂ ಬೂದಿ ತಿಕ್ಕಿದ್ರಾ?"

"ಎಲ್ಲಕ್ಕೂ ತಿಕ್ಕಿದೀನಿ ಕಣೇ, ಹರಕೆ ಹುಂಜ ಒಂದ್ ಬಿಟ್ಟು. ಅದು ಅಮ್ಮನ ಸೊತ್ತು, ಹೆಂಗ್ ಮುಟ್ಲಿ?"

"ಅಲ್ಲ ಕಣ್ರೀ, ನೀವು ಅಮ್ಮಂಗೆ ಕೊಡ್ತೀನಿ ಅಂದಿದ್ದು ಹುಂಜಾನಾ, ಹೇನಾ?"

ರೈತ ಮಂಕರಿಗೆ ಬೂದಿ ತುಂಬಿಟ್ಟ. ಸಂಜೆ ಹುಂಜ ಗೂಡು ಸೇರಿದ ಮೇಲೆ, "ತಾಯೀ, ಒಂಚೂರು ಕಣ್ ಮುಚ್ಕೋ" ಎಂದು ಬೇಡಿಕೊಂಡು ಅದನ್ನು ಹಿಡಿದ. ಹುಂಜ ಊರಿಗೇ ಕೇಳುವಂತೆ ಅರಚಿತು. ರೆಕ್ಕೆ ಎತ್ತಿ ನೋಡಿದರೆ, ಓಡಿಸಿದ ಹೇನುಗಳೆಲ್ಲ ಅಲ್ಲೇ ನೆಮ್ಮದಿಯಾಗಿ ಸಂಸಾರ ಹೂಡಿದ್ದವು. ಅವನ ಮೊಳಕೈವರೆಗೂ ಹರಿದು ಬಂದವು. ಅವನು ಬೂದಿಯ ಮಂಕರಿಯನ್ನೇ ಹುಂಜದ ಮೇಲೆ ಸುರಿದು, ಗರಿ ಗರಿ ಬಿಡಿಸಿ ತಿಕ್ಕಿದ. ಮಾರಮ್ಮ ಏನೂ ಅನ್ನಲಿಲ್ಲ. ಮಗಳು ಬರುವ ಹೊತ್ತಿಗೆ ಗಡಿಗೆಯಲ್ಲಿ ಮೊಟ್ಟೆಯಿತ್ತು.

ಶಿಷ್ಯನಿಗೆ ನಗು ತಡೆಯಲಾಗಲಿಲ್ಲ. "ಎಂಥ ಪೆದ್ದ! ದೇವರ ಹೆಸರು ಹೇಳಿಕೊಂಡು ಹೇನು ಸಾಕಿದನಲ್ಲ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ.

ಗುರುಗಳು ಕೈ ಚಾಚಿ ಹೇಳಿದರು: "ನನ್ನದೆಂದು ನೀನು ಮುಟ್ಟದೆ ಇಟ್ಟಿರುವುದನ್ನು ಇತ್ತ ಕೊಡು, ಬೂದಿ ತಿಕ್ಕೋಣ."