ಬೀರಿ ಎರಕ ಹೊಯ್ದ ತವರದ ಮೀನು

ಬಾ ಮಗಾ, ಹೊದ್ಕೊಂಡು ಮಲಕ್ಕೋ. ಕಾಲು ನನ್ನ ಹೊಟ್ಟೆ ಮೇಲೆ ಹಾಕ್ಬೇಡ ಮಾರಾಯ್ತಿ, ಹೇಳ್ತೇನೆ ಇರು.

ಒಂದಾನೊಂದು ಕಾಲದಲ್ಲಿ, ದೋಣಿಗೆ ಇಂಜಿನ್ ಅನ್ನೋದೇ ಇಲ್ಲದ ಕಾಲದಲ್ಲಿ, ಹೊಳೆ ಬಂದು ಕಡಲು ಸೇರೋ ಅಳಿವೆ ಪಕ್ಕ ಒಂದು ಮೀನುಗಾರ್ರ ಕೇರಿ ಇತ್ತಂತೆ. ಅಲ್ಲಿ ಹೊನ್ನಿ ಅಂತ ಒಬ್ಬಳು ಹೆಂಗಸು, ಅವಳಿಗೆ ಮೂರು ಜನ ಹೆಣ್ಮಕ್ಕಳು. ದೊಡ್ಡವಳು ಚಂದು, ನಡುವಿನವಳು ಬೀರಿ, ಸಣ್ಣವಳು ಕುಸಲಿ. ಬೇರೆ ಕತೇಲೆಲ್ಲ ಸಣ್ಣವಳೇ ಜಾಣೆ ಅಲ್ವಾ, ಇದರಲ್ಲಿ ಹಂಗಲ್ಲ, ಇದು ಬೀರಿ ಕತೆ. ಹೊನ್ನಿ ಗಂಡ ಒಂದು ದಿನ ಕಡಲಿಗೆ ಹೋದವನು ತಿರುಗಿ ಬರ್ಲಿಲ್ಲಂತೆ. ಅವನ ಬೀಸುಬಲೆ ಒಂದು ಮಾತ್ರ ಜಂತಿಗೆ ನೇತಾಡ್ತಾ ಇತ್ತಂತೆ. ನೂಲೆಲ್ಲ ಲಡ್ಡಾಗಿ, ಇಲಿ ಕಡಿದು, ಅಂಚಿಗೆ ಕಟ್ಟಿದ ಸೀಸದ ಗುಂಡು ಅಷ್ಟೇ ಗಟ್ಟಿ. ಆದ್ರೂ ಹೊನ್ನಿ ಅದನ್ನ ಯಾರಿಗೂ ಮುಟ್ಟೋಕೆ ಬಿಡ್ತಿರ್ಲಿಲ್ಲಂತೆ.

ಆ ಕೇರಿಗೆ ಜಟ್ಟಪ್ಪ ಅಂತ ಒಬ್ಬ ಗುರಿಕಾರ, ಅಂದ್ರೆ ಯಜಮಾನ. ಊರವರೆಲ್ಲ ಸೇರಿ ದಡದಿಂದ ದೊಡ್ಡ ರಂಪಣಿ ಬಲೆ ಎಳೀತಿದ್ರಲ್ಲ, ಎಳೆದ ಮನೆಗೆಲ್ಲ ಅವನು ಮೀನಿನ ಪಾಲು ಹಂಚ್ತಿದ್ನಂತೆ. ಹೊನ್ನಿ ಬುಟ್ಟಿ ಹಿಡ್ಕೊಂಡು ನಿಂತ್ರೆ, ಹಗ್ಗ ಹಿಡಿಯೋಕೆ ನಿಮ್ಮನೇಲಿ ಗಂಡಸಿಲ್ಲ ಹೊನ್ನೀ, ಪಾಲು ಎಲ್ಲಿಂದ ಕೊಡ್ಲಿ, ಅಂತ ಮುಖ ತಿರುಗಿಸ್ತಿದ್ನಂತೆ. ಹುಡುಗೀರು ನಾವೇ ಎಳೀತೇವೆ ಅಂತ ಹೋದ್ರೆ, ಹೆಣ್ಮಕ್ಕಳು ಹಗ್ಗ ಮುಟ್ಟಬಾರ್ದು ಅಂತ ಓಡಿಸ್ತಿದ್ರಂತೆ. ಆಮೇಲೆ ಹೊನ್ನಿ ಬಲೆಯಿಂದ ಮರಳಿಗೆ ಉದುರಿದ ಸಣ್ಣ ಪುಟ್ಟ ಮೀನು ಹೆಕ್ಕಿ ತಂದು ಸಾರು ಮಾಡೋದು. ಹಾಗೆ ಬಗ್ಗಿ ಬಗ್ಗಿ ಹೆಕ್ಕೋ ಅಬ್ಬೆಯನ್ನ ನೋಡಿ ನೋಡಿ, ಒಂದು ದಿನ ಬೀರಿ ಅವಳ ಬುಟ್ಟಿ ಕಸ್ಕೊಂಡ್ಲಂತೆ.

ಅಬ್ಬೇ, ನಾನು ದೋಣಿ ಇಲ್ದೆ, ಬಲೆ ಇಲ್ದೆ, ದಂಡೇಲಿ ನಿಂತೇ ದೊಡ್ಡ ಮೀನು ಹಿಡೀತೇನೆ ನೋಡು, ಅಂದ್ಲಂತೆ.

ಹೆಂಗೆ ಹಿಡೀತೀ ಹೆಣ್ಣೆ, ಮೀನು ನಿನ್ನ ಮಾವನ ಮಗನಾ ಕರೆದ್ರೆ ಬರೋಕೆ, ಅಂದ್ಲಂತೆ ಅಬ್ಬೆ.

ಬೀರಿ ಕಡಲನ್ನೇ ನೋಡ್ತಾ ಕೂತಿರೋಳಂತೆ. ಸಣ್ಣ ತಾರ್ಲೆ ಮೀನಿನ ಹಿಂಡನ್ನ ಅಟ್ಟಿಸ್ಕೊಂಡು ದೊಡ್ಡ ಕೊಕ್ಕರ ಮೀನು ದಡದ ಹತ್ರಕ್ಕೇ ಬರೋದು, ತೆರೆ ಮುರಿಯೋ ಜಾಗದ ಆಚೆ ನೀರು ಕುದಿಯೋದು, ಎಲ್ಲ ಅವಳಿಗೆ ಕಾಣೋದು. ಅಷ್ಟು ದೂರ ಹಾರಿ ಬೀಳೋ ಸುಳ್ಳು ತಾರ್ಲೆ ಒಂದು ಬೇಕು, ಅದರ ಬಾಲಕ್ಕೆ ಗಾಳ ಬೇಕು, ಅಂತ ಅವಳ ತಲೇಲಿ ಕೂತ್ಕೊಂಡ್ತಂತೆ.

ಮೊದಲ್ನೇ ಸಲ ಏನ್ ಮಾಡಿದ್ಲು, ಒಂದು ದೊಡ್ಡ ಚಿಪ್ಪು ಹೆಕ್ಕಿ, ಕಲ್ಲಿಗೆ ಉಜ್ಜಿ ಉಜ್ಜಿ ಮೀನಿನ ಆಕಾರ ತಂದ್ಲಂತೆ. ಎಷ್ಟು ಚಂದ ಹೊಳೀತಿತ್ತು ಅಂತೀ! ಹಗ್ಗ ಕಟ್ಟಿ ಬೀಸಿ ಒಗೆದ್ರೆ, ಹಗುರ ಅಲ್ವಾ, ಗಾಳಿ ಅದನ್ನ ಹಾಗೇ ಎತ್ಕೊಂಡು ಬಂದು ಅವಳ ಕಾಲಬುಡಕ್ಕೇ ಹಾಕ್ತಂತೆ. ದೋಣಿಗೆ ಎಣ್ಣೆ ಹಚ್ತಿದ್ದ ಗಂಡಸ್ರೆಲ್ಲ ನಕ್ಕರಂತೆ.

ಹಗುರ ಆಗಬಾರ್ದು, ಲೋಹವೇ ಆಗ್ಬೇಕು, ಅಂತ ಬೀರಿ ಮನೆಗೆ ಬಂದು ಅಬ್ಬೆ ಮುಂದೆ ನಿಂತ್ಲಂತೆ. ಕಣ್ಣು ಜಂತೀಲಿದ್ದ ಬಲೆ ಕಡೆ ಹೋಯ್ತು. ಹೊನ್ನಿಗೆ ಗೊತ್ತಾಯ್ತಂತೆ. ಕೆದಕ್ತಿದ್ದ ಒಲೆ ಬೂದಿ ಅಲ್ಲೇ ಬಿಟ್ಲು. ಆಮೇಲೆ ಎದ್ದು, ಮಣೆ ಹತ್ತಿ, ತಾನೇ ಬಲೆ ಇಳಿಸಿ, ಸೀಸದ ಗುಂಡು ಒಂದೊಂದಾಗಿ ಬಿಚ್ಚಿ ಮಗಳ ಸೆರಗಿಗೆ ಹಾಕಿದ್ಲಂತೆ. ತಗೋ, ನಿನ್ನ ಅಪ್ಪನ ಕೈಯಲ್ಲಿ ಕಡಲಿಗೆ ಬೀಳ್ತಾ ಇದ್ದದ್ದು, ಜಂತಿಗೆ ನೇತಾಡಿ ಏನುಪಯೋಗ, ಅಂದ್ಲಂತೆ. ಮತ್ತೆ ಮುಖ ತಿರುಗಿಸಿ ಒಲೆ ಊದಿದ್ಲು, ಹೊಗೆ ಇರ್ಲಿಲ್ಲ, ಆದ್ರೂ ಕಣ್ಣು ಒರೆಸ್ಕೊಂಡ್ಲಂತೆ.

ಎರಡ್ನೇ ಸಲ ಬೀರಿ ಅರ್ಧ ಗುಂಡುಗಳನ್ನ ಕಬ್ಬಿಣದ ಸೌಟಲ್ಲಿ ಹಾಕಿ ಕರಗಿಸಿ, ಒದ್ದೆ ಮರಳಲ್ಲಿ ಮೀನಿನ ಗುಂಡಿ ಮಾಡಿ ಅದಕ್ಕೆ ಹೊಯ್ದ್ಲಂತೆ. ಅಯ್ಯೋ ಮಗಾ, ಕಾದ ಸೀಸಕ್ಕೆ ನೀರು ತಾಗಿದ್ರೆ ಕೇಳ್ಬೇಕಾ, ಚಟಾರ್ ಅಂತ ಸಿಡಿದು ಅವಳ ಮುಂಗೈ ಸುಟ್ಟುಹೋಯ್ತಂತೆ. ಚಂದು ಓಡಿ ಬಂದು ತೆಂಗಿನೆಣ್ಣೆ ಹಚ್ಚಿ, ಸಾಕು ತಂಗೀ ಇದೆಲ್ಲ, ಅಂತ ಅತ್ಲಂತೆ. ಮರಳಲ್ಲಿ ಉಳಿದದ್ದು ಒಂದು ಕಪ್ಪು ಗಡ್ಡೆ. ಬೀರಿ ಬಿಟ್ಲಾ? ಕೈಗೆ ಬಟ್ಟೆ ಸುತ್ಕೊಂಡು ಅದನ್ನೇ ಒಗೆದ್ಲಂತೆ. ದೂರ ಹೋಯ್ತು, ಆದ್ರೆ ಕಲ್ಲಿನ ಹಾಗೆ ಮುಳುಗ್ತು. ಹೊಳಪಿಲ್ಲ, ಕುಣಿತ ಇಲ್ಲ, ಒಂದು ಏಡಿನೂ ತಿರುಗಿ ನೋಡ್ಲಿಲ್ಲಂತೆ.

ಆಮೇಲೆ ಏನಾಯ್ತು, ಊರಿಗೆ ಪಾತ್ರೆಗೆ ಕಲಾಯಿ ಹಾಕೋ ಬುಡನ್ ಸಾಬ್ರು ಬಂದ್ರಂತೆ. ತವರ ಅಂದ್ರೆ ಬೆಳ್ಳಿ ಹಾಗೆ ಹೊಳೀತದಲ್ಲ, ಬೀರಿ ಕಣ್ಣು ಅಲ್ಲೇ ನೆಟ್ಟಿತಂತೆ. ಸಾಬ್ರೇ, ನಿಮ್ಮ ತಿದಿ ನಾನು ಊದ್ತೇನೆ, ಸ್ವಲ್ಪ ತವರ ಕೊಡ್ತೀರಾ, ಅಂದ್ಲಂತೆ. ಅವರು ಸುಟ್ಟ ಕೈ ನೋಡಿ, ಈ ಕೈಲಿ ಊದ್ತೀಯೇನಮ್ಮಾ, ಅಂದ್ರು. ಇನ್ನೊಂದು ಕೈ ಉಂಟಲ್ಲ, ಅಂದ್ಲಂತೆ ಬೀರಿ. ಸಂಜೆವರೆಗೂ ಊದಿದ್ಲು. ಸಾಬ್ರು ಒಂದು ತುಂಡು ತವರ ಕೊಟ್ಟು, ನೋಡು ಮಗಳೇ, ಹೊಯ್ಯೋ ಅಚ್ಚು ಒಣಗಿರ್ಬೇಕು, ಒಲೆ ಮೇಲಿಟ್ಟ ಹಪ್ಪಳದ ಹಾಗೆ ಒಣಗಿರ್ಬೇಕು, ಬೆಂಕೀನೂ ನೀರೂ ಒಂದೇ ಮನೇಲಿ ಬಾಳೋದಿಲ್ಲ, ಅಂತ ಹೇಳಿ ಹೋದ್ರಂತೆ.

ಒಣಗಿದ ಅಚ್ಚು ಎಲ್ಲಿಂದ ತರೋದು? ಯೋಚ್ನೆ ಮಾಡ್ತಾ ದಂಡೇಲಿ ನಡೀತಿದ್ದಾಗ ಕಾಲಿಗೆ ಕಡಲ ನೊರೆ ಸಿಕ್ತಂತೆ. ನೀನು ಹಲಗೆ ಒರೆಸೋಕೆ ಹೆಕ್ಕಿ ತರ್ತೀಯಲ್ಲ, ಕಪ್ಪೆ ಬಂಡಾಸು ಅನ್ನೋ ಮೆತ್ತಗಿನ ಕಡಲ ಪ್ರಾಣಿಯ ಬೆನ್ನೊಳಗಿನ ಬಿಳಿ ಹಗುರ ಬಿಲ್ಲೆ, ಅದೇ. ಉಗುರಲ್ಲಿ ಕೆರೆದ್ರೂ ಕೆತ್ತೋಕೆ ಬರ್ತದೆ. ಬೀರಿ ಎರಡು ಬಿಲ್ಲೆ ತಂದು, ಒಂದಕ್ಕೊಂದು ತಿಕ್ಕಿ ಸಪಾಟು ಮಾಡಿ, ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿದ್ಲಂತೆ.

ಅಷ್ಟರಲ್ಲಿ ಕುಸಲಿ ಕೂಗಿದ್ಲು, ಅಕ್ಕಾ ಇಲ್ಲಿ ನೋಡು ಅಂತ. ತೆರೆ ಬಿಟ್ಟುಹೋದ ಗುಂಡೀಲಿ ಗಾಯ ಆದ ಒಂದು ತಾರ್ಲೆ ಒದ್ದಾಡ್ತಾ ಇತ್ತಂತೆ. ನೆಟ್ಟಗೆ ಈಜೋಲ್ಲ ಅದು, ಆಚೆ ಓಲೋದು, ಈಚೆ ಓಲೋದು, ಓಲಿದಾಗೆಲ್ಲ ಹೊಟ್ಟೆ ಫಳಕ್ ಅನ್ನೋದು. ಬೀರಿ ಮಂಡಿಯೂರಿ ನೋಡಿದ್ಲು, ನೋಡಿದ್ಲು, ಕೈ ಚಪ್ಪಾಳೆ ತಟ್ಟಿದ್ಲಂತೆ. ಮನೆಗೆ ಓಡಿ, ಎರಡು ಬಿಲ್ಲೇಲೂ ಅರ್ಧರ್ಧ ಮೀನು ಕೆತ್ತಿದ್ಲು, ಒಂದು ಕಡೆ ಹೊಟ್ಟೆ ಉಬ್ಬು, ಇನ್ನೊಂದು ಕಡೆ ಚಪ್ಪಟೆ, ಬಾಲ ಚೂರೇ ಚೂರು ಬಗ್ಗಿಸಿ. ನಡುವೆ ತಾಮ್ರದ ತಂತಿ ಇಟ್ಟು, ಮೂತಿ ಹತ್ರ ಹಗ್ಗಕ್ಕೊಂದು ಕುಣಿಕೆ, ಬಾಲದ ಹತ್ರ ಗಾಳಕ್ಕೊಂದು ಕುಣಿಕೆ. ಎರಡೂ ಬಿಲ್ಲೆ ಸೇರಿಸಿ ತೆಂಗಿನ ನಾರಲ್ಲಿ ಬಿಗಿದು ಕಟ್ಟಿದ್ಲಂತೆ. ತೂಕಕ್ಕೆ ಅಪ್ಪನ ಸೀಸ, ಹೊಳಪಿಗೆ ಸಾಬ್ರ ತವರ, ಎರಡನ್ನೂ ಕೂಡಿಸಿ ಕರಗಿಸಿ, ಉಸಿರು ಹಿಡಿದು ಹೊಯ್ದ್ಲಂತೆ. ಸಿಡೀಲಿಲ್ಲ. ತಣ್ಣಗಾದ ಮೇಲೆ ಬಿಚ್ಚಿದ್ರೆ, ಒಳಗೆ ಬೆಳ್ಳನೆ ಮೀನು ಮಲಗಿತ್ತಂತೆ, ಮೈಮೇಲೆ ಆ ಬಿಲ್ಲೆಯ ಗೆರೆಗೆರೆ ಹಾಗೇ ಮೂಡಿ, ಥೇಟ್ ಮೀನಿನ ಮೈಯ ಹುರುಪೆ ಇದ್ದ ಹಾಗೆ! ಹೊನ್ನಿ ಅದನ್ನ ಅಂಗೈಲಿಟ್ಟು ತೂಗಿ ನೋಡಿ, ಮಗಳ ನೆತ್ತಿ ಮೂಸಿದ್ಲಂತೆ.

ಆ ವರ್ಷ ಮಳೆಗಾಲ ಮುಗಿಯೋ ಹೊತ್ತಿಗೂ ಕಡಲ ಅಬ್ಬರ ಇಳೀಲಿಲ್ಲಂತೆ. ಮನೆ ಮನೇಲಿ ಅಕ್ಕಿ ಮುಗೀತು, ಒಣಮೀನು ಮುಗೀತು, ಮಕ್ಕಳು ಗಂಜಿ ತಿಳಿ ಕುಡಿದು ಮಲಗೋ ಹಾಗಾಯ್ತು. ಒಂದು ಬೆಳಗ್ಗೆ ತೆರೆ ಆಚೆ ಕೊಕ್ಕರದ ಹಿಂಡು ಬಂದು ನೀರು ಕುದೀತಂತೆ. ಜಟ್ಟಪ್ಪ ಗುರಿಕಾರ ಹಟ ಹಿಡಿದು ದೋಣಿ ಇಳಿಸಿದ, ಒಂದು ತೆರೆ ಬಂತು, ದೋಣಿ ಮಗುಚ್ತು, ಗಂಡಸ್ರೆಲ್ಲ ಉಪ್ಪುನೀರು ಕುಡಿದು ಹೇಗೋ ಈಜಿ ದಡ ಸೇರಿದ್ರಂತೆ.

ಆಗ ಬೀರಿ ಬಂದ್ಲು ಮಗಾ. ಸೀರೆ ಕಚ್ಚೆ ಕಟ್ಟಿ, ಹಗ್ಗ ಬುಟ್ಟೀಲಿ ಸುರುಳಿ ಸುತ್ತಿಟ್ಟು, ಸೊಂಟದ ತನಕ ನೀರಿಗೆ ಇಳಿದ್ಲಂತೆ. ತಲೆ ಮೇಲೆ ಗರಗರ ತಿರುಗಿಸಿ ಬಿಟ್ಲು. ಮೊದಲ್ನೇ ಸಲ ತೆರೆ ಈಚೆಗೇ ಬಿತ್ತು. ಎರಡ್ನೇ ಸಲ ಹಗ್ಗ ಸಿಕ್ಕಾಯ್ತು, ಯಾರೋ ಹಿಂದೆ, ಹೆಣ್ಮಕ್ಕಳ ಕೆಲ್ಸ ಇಷ್ಟೇ, ಅಂದ್ರು. ಮೂರ್ನೇ ಸಲ ಬೀಸಿದ್ಲು ನೋಡು, ತವರದ ಮೀನು ಬಿಸಿಲಿಗೆ ಮಿಂಚ್ತಾ ಮಿಂಚ್ತಾ ಹೋಗಿ, ನೀರು ಕುದಿಯೋ ನಟ್ಟನಡುವಿಗೆ ಬಿತ್ತಂತೆ. ಬೀರಿ ಎಳೀತಾ ಬಂದ್ಲು, ಅದು ಆಚೆ ಓಲ್ತು, ಈಚೆ ಓಲ್ತು, ಹೊಟ್ಟೆ ಫಳಕ್ ಅಂತು, ಅಷ್ಟೇ, ಹಗ್ಗ ಜಗ್ಗಿ ಅವಳನ್ನೇ ಕಡಲಿಗೆ ಎಳೀತಂತೆ! ಚಂದು ಓಡಿ ಬಂದು ಸೊಂಟ ಹಿಡಿದ್ಲು, ಕುಸಲಿ ಚಂದು ಸೊಂಟ ಹಿಡಿದ್ಲು, ಹೊನ್ನಿ ಬಂದು ಹಗ್ಗಕ್ಕೇ ಕೈ ಹಾಕಿದ್ಲು. ನಾಲ್ಕೂ ಜನ ಎಳೆದು ಎಳೆದು ದಡಕ್ಕೆ ಹಾಕಿದ್ರೆ, ಕುಸಲಿಗಿಂತ ಉದ್ದದ ಕೊಕ್ಕರ!

ಅದು ಒಂದೇನಾ? ಹಿಂಡು ಹೋಗೋ ತನಕ ಒಗೆದ್ಲು, ಎಳೆದ್ಲು, ಒಗೆದ್ಲು, ಎಳೆದ್ಲಂತೆ. ಹೊನ್ನಿ ಕತ್ತಿ ತಂದು ಕೂತು, ಊರಿಗೆಲ್ಲ ಹೆಚ್ಚಿ ಹೆಚ್ಚಿ ಕೊಟ್ಲಂತೆ. ಜಟ್ಟಪ್ಪ ದೂರ ನಿಂತಿದ್ದ, ನಾಚಿಕೆ ಅವನಿಗೆ. ಬನ್ನಿ ಗುರಿಕಾರ್ರೇ, ನಿಮ್ಮ ಮಕ್ಕಳೂ ಹಸಿದಿದ್ದಾರೆ, ಅಂತ ಹೊನ್ನಿ ತಲೆ ಭಾಗವನ್ನೇ ಅವನ ಕೈಗಿಟ್ಲಂತೆ.

ಮಾರನೇ ದಿನ ಜಟ್ಟಪ್ಪ ಮನೆ ಬಾಗಿಲಿಗೆ ಬಂದು, ಬೀರೀ, ಆ ತವರದ ಮೀನು ನನಗೆ ಕೊಡು, ಒಂದು ಹೊಸ ದೋಣಿ ಕೊಡ್ತೇನೆ, ಅಂದ್ನಂತೆ. ಬೀರಿ ಏನಂದ್ಲು ಗೊತ್ತಾ? ಇದನ್ನ ಕೊಡೋದಿಲ್ಲ ಗುರಿಕಾರ್ರೇ, ಇದು ನಾನು ಮಾಡಿದ್ದು. ನಿಮ್ಮದು ನೀವು ಮಾಡ್ಕೊಳ್ಳಿ, ಬನ್ನಿ ಕೂತ್ಕೊಳ್ಳಿ, ಹೇಳಿ ಕೊಡ್ತೇನೆ, ಅಂದ್ಲಂತೆ. ಅಷ್ಟು ದೊಡ್ಡ ಗುರಿಕಾರ ಒಲೆ ಮುಂದೆ ಕುಕ್ಕರುಗಾಲಲ್ಲಿ ಕೂತು ಬಿಲ್ಲೆ ಕೆತ್ತಿದ್ನಂತೆ. ಮೊದಲ್ನೇದು ಕಪ್ಪೆ ಹಾಗಾಯ್ತು, ಎರಡ್ನೇದು ಬದನೆಕಾಯಿ ಹಾಗಾಯ್ತು, ಮೂರ್ನೇದು ಹೇಗೋ ಮೀನಿನ ಹಾಗಾಯ್ತು, ಅವನು ಅದನ್ನ ಹಿಡ್ಕೊಂಡು ಹುಡುಗನ ಹಾಗೆ ಕುಣಿದ್ನಂತೆ.

ಆಮೇಲೆ ಒಬ್ಬೊಬ್ಬರೇ ಬಂದ್ರು, ಗಂಡಸ್ರು ಬಂದ್ರು, ಹೆಂಗಸ್ರು ಬಂದ್ರು, ಎಲ್ಲರಿಗೂ ಬೀರಿ ಕಲಿಸಿದ್ಲಂತೆ. ರಂಪಣಿ ಹಗ್ಗಕ್ಕೂ ಹೆಣ್ಮಕ್ಕಳ ಕೈ ಬಂತು. ಚಂದುಗೂ ಕುಸಲಿಗೂ ಒಳ್ಳೇ ಮನೆ ಸಿಕ್ತು. ಬೀರಿಗೆ ಅವಳ ಕೈಯಲ್ಲಿ ಎರಕ ಕಲಿತ ಒಬ್ಬ ಹುಡುಗನೇ ಗಂಡ ಆಗಿ, ಅವಳ ಮನೆಗೇ ಬಂದು ಉಳಿದ್ನಂತೆ.

ಹೊನ್ನಿ ಮೀನಿನ ಬುಟ್ಟಿ ಹೊತ್ತು ಸಂತೆಗೆ ಹೋದ್ರೆ, ಬೇರೆ ಊರಿನವರು, ಮಳೆಗಾಲದಲ್ಲೂ ಇಷ್ಟು ದೊಡ್ಡ ಮೀನಾ, ಯಾರ ದೋಣಿಯವ್ರು ಹಿಡಿದದ್ದು, ಅಂತ ಕೇಳೋರಂತೆ. ಆಗ ಅವಳು ಬುಟ್ಟಿ ಇಳಿಸಿ, ಸೆರಗು ಸರಿ ಮಾಡ್ಕೊಂಡು, ಬೆನ್ನು ನೆಟ್ಟಗೆ ಮಾಡಿ ನಿಂತು, ಸಂತೆಗೆಲ್ಲ ಕೇಳೋ ಹಾಗೆ ಹೇಳೋಳಂತೆ: ದೋಣಿಯವ್ರಲ್ಲ, ನನ್ನ ಮಗಳು!

ಕತೆ ದಡ ಹತ್ತಿ ಮುಗೀತು ಮಗಾ. ಮಲಕ್ಕೋ ಇನ್ನು.